ದೀಪ ಹಚ್ಚುವ ಹೊತ್ತಿಗೆ ಅಳಿಸಬಾರದು

‘ಜೂನ್ ೩, ಸೋಮವಾರ. ಮಳೆ. ಇಂದಿನಿಂದ ನಮ್ಮ ಜಗಲಿಯಲ್ಲಿ ಸೊಸೆಯ ಕ್ಲಾಸು ಸುರು. ಹಾಜರಿ ಹತ್ತು. ಅದರಲ್ಲಿ ಒಂದು ನಾನು.’

ಇದು ಎರಡು ವರ್ಷದ ಹಿಂದಿನ ಡೈರಿ. ಹೊಸದನ್ನು ಕಲಿಸುವ ಮನೆಯಲ್ಲಿ ದಿನಕ್ಕೊಂದು ನಗೆ ಹುಟ್ಟುತ್ತಲೇ ಇರುತ್ತದೆ. ಬರೆದಿಡುವವರಿದ್ದರೆ ಉಳಿಯುತ್ತದೆ, ಅಷ್ಟೆ. ಕಾರವಾರದ ಕೋಡಿಬಾಗದ ನಮ್ಮ ಮನೆಯಲ್ಲಿ ಬರೆದಿಡುವವಳು ನಾನು. ಕಾರವಾರದಲ್ಲೇ ಬಿ.ಎಸ್ಸಿ. ಮಾಡಿ, ಅಂಕೋಲೆಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದ್ದೇನೆ. ನನ್ನ ಹಾಜರಿ ಪುಸ್ತಕದಲ್ಲಿ ಒಂದು ತಿದ್ದುಪಡಿಯೂ ಇರಲಿಲ್ಲ.

ಸೊಸೆ ಕಲಿಸುತ್ತಿದ್ದುದು ವೆಬ್ ಅಪ್ಲಿಕೇಶನ್ ಕಟ್ಟುವುದು, ಅದನ್ನು ಕ್ಲೌಡ್ ಮೇಲೆ ನಡೆಸುವುದು. ಕ್ಲೌಡ್ ಅಂದರೆ ಎಲ್ಲೋ ದೂರದ ಕಂಪನಿಯ ದೊಡ್ಡ ಕಂಪ್ಯೂಟರನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುವುದು. ಹತ್ತು ಜನರಾದರೆ ಮಾತ್ರ ಹಾಕಿದ ಖರ್ಚು ಹುಟ್ಟುತ್ತದೆ ಅಂದಳು. ಬಂದವರು ಒಂಬತ್ತು. ಹತ್ತನೆಯವಳಾಗಿ ನಾನು ಸೇರಿದೆ. ಫೀ ಕೊಟ್ಟೇ ಸೇರಿದೆ. ರಸೀದಿ ಇದೆ.

ಈ ಬ್ಯಾಚು ಚೆನ್ನಾಗಿ ಮುಗಿದರೆ ಅಂಕೋಲೆಯಲ್ಲಿ ಒಂದು ರೂಮು ಹಿಡಿದು ಅಲ್ಲೂ ಕ್ಲಾಸು ತೆರೆಯುವುದೆಂದು ಸೊಸೆಯ ಆಸೆ. ಅಲ್ಲಿ ಕಲಿಸುವ ಕೆಲಸ ಮಂಜಗುಣಿಯ ಹುಡುಗಿಗೆ ಎಂದೂ ಮಾತು ಕೊಟ್ಟಿದ್ದಳು. ಬಿ.ಸಿ.ಎ. ಮುಗಿಸಿ, ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಆ ಹುಡುಗಿಯೇ ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕು. ರೂಮಿನ ಡಿಪಾಸಿಟ್ಟಿಗೆಂದು ಸೊಸೆ ದುಡ್ಡು ಬೇರೆ ತೆಗೆದಿಟ್ಟಿದ್ದಳು.

ಗುಟ್ಟಿನ ಪುಸ್ತಕ

ಮೊದಲ ದಿನ ಎಲ್ಲರೂ ಪಾಸ್‌ವರ್ಡ್ ಮಾಡಿಕೊಂಡರು. ನಾನು ಹಾಜರಿ ಪುಸ್ತಕದಲ್ಲಿ ಗೆರೆ ಹಾಕಿ, ಹೆಸರಿನ ಮುಂದೆ ಒಂದೊಂದೇ ಪಾಸ್‌ವರ್ಡ್ ದುಂಡಗೆ ಬರೆದುಕೊಂಡೆ. ಸೊಸೆ ನೋಡಿ ಹೌಹಾರಿದಳು.

“ಆಯಿ, ಎಂತ ಮಾಡ್ತಿದ್ರಿ? ಪಾಸ್‌ವರ್ಡ್ ಎಲ್ಲೂ ಬರೆದಿಡೂಕಾಗ. ಮೊದಲನೇ ಪಾಠವೇ ಅದು!”

“ಬರೆಯದೇ ಇಟ್ಟದ್ದು ಉಳಿಯೂದಿಲ್ಲ” ಅಂದೆ. ಪುಸ್ತಕವನ್ನು ಅಡುಗೆಮನೆಗೆ ಒಯ್ದೆ.

ಮೂರನೆಯ ದಿನ ನಾನು ಚಾ ಮಾಡುತ್ತಿದ್ದಾಗ ಒಬ್ಬ ಮೆಲ್ಲಗೆ ಬಂದ. “ಅಕ್ಕೋರೇ, ನಂದು ಯಾವುದು?” ಹೇಳಿದೆ. ಹಿಂದೆಯೇ ಇನ್ನೊಬ್ಬಳು. ಚಾ ಕುದಿಯುವಷ್ಟರಲ್ಲಿ ಏಳು ಜನ ಬಂದು ಹೋದರು. ಎಲ್ಲರಿಗಿಂತ ಕೊನೆಗೆ ಸೊಸೆ ಬಂದು, ಸಕ್ಕರೆ ಡಬ್ಬಿ ಹುಡುಕುವವಳಂತೆ ಸ್ವಲ್ಪ ಹೊತ್ತು ನಿಂತಳು.

“ಆಯಿ... ನಂದೂ ಬರೆದಿದ್ರಾ?”

ಬರೆದಿದ್ದೆ.

ಅದು ತಪ್ಪಲ್ಲ

ಮಂಜಗುಣಿಯ ಹುಡುಗಿ ಕಟ್ಟಿದ್ದು ಮೀನು ಮಾರುವ ವೆಬ್‌ಸೈಟು. ಅವಳ ತಾಯಿ ಅಂಕೋಲೆ ಪೇಟೆಯಲ್ಲಿ ಮೀನು ಮಾರುವವಳು. ಒಂದು ದಿನ ಖಾಲಿ ಬುಟ್ಟಿ ಹಿಡಿದು ಮಗಳ ಕೆಲಸ ನೋಡಲು ಬಂದಳು. ಬಂಗಡೆಯ ಚಿತ್ರ, ಕೆಳಗೆ ದರ, ಕೆಳಗೆ ‘ಕೊಳ್ಳಿ’ ಎಂಬ ಗುಂಡಿ. ನೋಡಿದಳು, ನೋಡಿದಳು.

“ಮತ್ತೆ ಚೌಕಾಶಿ ಎಲ್ಲಿ?”

“ಅದೆಲ್ಲ ಇರೂದಿಲ್ಲವ್ವಾ, ಒಂದೇ ದರ.”

“ಹಂಗಾರೆ ಯಾರು ತಗಂತರು? ಮಾತಾಡದೇ ಇದ್ದ ಗಿರಾಕಿ ನಾಳೆ ಬರೂದಿಲ್ಲ.”

ಮುಂದಿನ ವಾರ ಸೊಸೆ ಎಲ್ಲರ ಕೆಲಸ ಪರೀಕ್ಷಿಸಿದಳು. ಈ ಹುಡುಗಿಯ ಪರದೆಯಲ್ಲಿ ‘ಕಡಿಮೆ ಮಾಡಿ’ ಎಂಬ ಹೊಸ ಗುಂಡಿ. ಒತ್ತಿದಳು. ‘ಆಗೂದಿಲ್ಲ’ ಎಂದು ಬಂತು. ಮತ್ತೆ ಒತ್ತಿದಳು. ‘ಬೇರೆ ಕಡೆ ಕೇಳಿ ಬನ್ನಿ’ ಎಂದು ಬಂತು. ಮೂರನೆಯ ಸಲಕ್ಕೆ ದರ ಅಷ್ಟೇ ಉಳಿದು, ಲೆಕ್ಕಕ್ಕೆ ಒಂದು ಬಂಗಡೆ ಹೆಚ್ಚಿಗೆ ಬಿತ್ತು.

“ಇಲ್ಲೆಂತೋ ತಪ್ಪಾಗಿದೆ” ಅಂದಳು ಸೊಸೆ.

“ಅದು ತಪ್ಪಲ್ಲ ಮೇಡಂ,” ಅಂದಳು ಹುಡುಗಿ, “ಅದು ನಮ್ಮವ್ವ.”

ಮರುಮೌಲ್ಯಮಾಪನ

ನಡುವೆ ಒಂದು ಪರೀಕ್ಷೆ ಇಟ್ಟಳು. ಪಾಸಾಗಲು ಅರವತ್ತು ಬೇಕು. ನನಗೆ ಮೂವತ್ತನಾಲ್ಕು.

ಆ ದಿನ ಮನೆಯಲ್ಲಿ ಪಾತ್ರೆಗಳೂ ಸದ್ದು ಮಾಡಲಿಲ್ಲ. ನಾನು ಒಳಗೆ ಕೂತು ಬಿಳಿ ಹಾಳೆಯ ಮೇಲೆ ‘ಮಾನ್ಯರೇ, ನನ್ನ ಉತ್ತರಪತ್ರಿಕೆಯನ್ನು ಮರುಮೌಲ್ಯಮಾಪನಕ್ಕೆ ಒಳಪಡಿಸಬೇಕಾಗಿ ವಿನಂತಿ’ ಎಂದು ಬರೆದು, ದಿನಾಂಕ, ಸ್ಥಳ, ಸಹಿ ಹಾಕಿ, ಅವಳ ಮೇಜಿನ ಮೇಲಿಟ್ಟೆ. ಮೂವತ್ತೊಂದು ವರ್ಷ ಮಕ್ಕಳಿಗೆ ಕೆಂಪು ಶಾಯಿಯಲ್ಲಿ ಅಂಕ ಕೊಟ್ಟವಳು ನಾನು. ಆ ಮಕ್ಕಳು ಹಾಳೆ ಮಡಚಿಕೊಂಡು ಮನೆಗೆ ಹೇಗೆ ನಡೆದು ಹೋಗುತ್ತಿದ್ದರೆಂದು ಅವತ್ತಿನವರೆಗೆ ಯೋಚಿಸಿರಲಿಲ್ಲ.

ಅರ್ಧ ಗಂಟೆಯಲ್ಲಿ ಅದೇ ಹಾಳೆಯ ಕೆಳಗೆ ಹಿಂಬರಹ ಬಂತು: ‘ಪರಿಶೀಲಿಸಲಾಗಿದೆ. ಅಂಕ ಸರಿಯಾಗಿದೆ. ಊಟಕ್ಕೆ ಬನ್ನಿ.’

ದೀಪದ ಹೊತ್ತು

ಜುಲೈನ ಒಂದು ಶುಕ್ರವಾರ. ಕೊನೆಯ ಪಾಠ. ಹತ್ತೂ ಜನ ಒಂದೊಂದು ದೊಡ್ಡ ಸರ್ವರ್ ಬಾಡಿಗೆಗೆ ಹಿಡಿದು ನಡೆಸಿ ನೋಡಬೇಕು, ಮುಗಿದ ಮೇಲೆ ಅಳಿಸಬೇಕು. ಅಳಿಸದಿದ್ದರೆ ಯಾರೂ ಮುಟ್ಟದಿದ್ದರೂ ಬಾಡಿಗೆ ಏರುತ್ತಲೇ ಇರುತ್ತದೆ. ಬಿಲ್ಲು ಸೊಸೆಯ ಹೆಸರಿಗೆ. ಅವಳು ರೂಮು ನೋಡಲು ಅಂಕೋಲೆಯ ತವರಿಗೆ ಹೋಗಿದ್ದಳು. ಹೋಗುವಾಗ “ಆಯಿ, ಎಲ್ಲರೂ ಅಳಿಸಿದ್ದು ನೀವೇ ನಿಂತು ನೋಡಿ” ಅಂದಿದ್ದಳು. ನನ್ನನ್ನಲ್ಲದೆ ಇನ್ನಾರನ್ನು ನಂಬಬೇಕು?

ಪಾಠ ಮುಗಿಯುವಾಗ ಕತ್ತಲಾಗಿತ್ತು. ನಾನು ದೇವರಿಗೆ ದೀಪ ಹಚ್ಚಿ ಬಂದು ಕೂತೆ. ಪರದೆ ಕೇಳಿತು: ‘ಶಾಶ್ವತವಾಗಿ ಅಳಿಸಬೇಕೆ?’

ಶುಕ್ರವಾರ. ದೀಪ ಹಚ್ಚಿದ ಹೊತ್ತು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಕಸ ಹೊರಗೆ ಹಾಕುವುದಿಲ್ಲ, ಉಪ್ಪು ಕೊಡುವುದಿಲ್ಲ, ಅಕ್ಕಿ ಖಾಲಿಯಾಗಿದ್ದರೂ ‘ಇಲ್ಲ’ ಅನ್ನುವುದಿಲ್ಲ, ‘ತುಂಬಿದೆ’ ಅನ್ನುತ್ತೇವೆ. ಗ್ರಹಣವೆಂದರೆ ಬರೀ ನೆರಳು ಎಂದು ಸಾವಿರ ಮಕ್ಕಳಿಗೆ ಕಲಿಸಿದ ಕೈ ನನ್ನದು. ಆ ಕೈ ಗುಂಡಿಯ ಮೇಲೆ ಹೋಗಲಿಲ್ಲ.

“ಈಗ ಬೇಡ. ನಾಳೆ ಬೆಳಿಗ್ಗೆ ಅಳಿಸಿದರಾಯ್ತು” ಅಂದೆ.

ಒಂಬತ್ತು ಕೈಗಳು ಒಮ್ಮೆಲೇ ಕೀಬೋರ್ಡಿನಿಂದ ಮೇಲೆದ್ದವು. ಮಂಜಗುಣಿಯವಳು ಮಾತ್ರ ಕೇಳಿದಳು, “ಅಕ್ಕೋರೇ, ಇದು ಗಂಟೆ ಲೆಕ್ಕ ಅಲ್ದಾ?”

“ದೀಪದ ಹೊತ್ತಿಗೆ ಎದುರು ಮಾತಾಡೂದಲ್ಲ” ಅಂದೆ. ಹಾಜರಿ ಪುಸ್ತಕದಲ್ಲಿ ‘ಸರ್ವರ್: ನಾಳೆ’ ಎಂದು ಬರೆದೆ.

ಅಷ್ಟರಲ್ಲಿ ಸೊಸೆಯ ಫೋನು. “ಆಯಿ, ಅಳಿಸಿ ಆಯ್ತಲ್ಲ?”

ಆ ಹೊತ್ತಿಗೆ ‘ಇಲ್ಲ’ ಅನ್ನಬಾರದು. “ಹೂಂ” ಅಂದೆ. ನಿಜ ಹೇಳಬೇಕೆಂದರೆ, ಆ ಹೂಂ ಅಂದದ್ದು ಬರೀ ಶಾಸ್ತ್ರವಲ್ಲ, ನನ್ನ ಜಂಬವೂ ಹೌದು.

ಆ ರಾತ್ರಿ ಗಾಳಿಮಳೆಗೆ ನಮ್ಮ ಕಡೆಯ ಕಂಬಗಳು ಬಿದ್ದವು. ಕರೆಂಟಿಲ್ಲ, ನೆಟ್ಟಿಲ್ಲ, ಫೋನಿಲ್ಲ. ಹುಡುಗರು ಅಕ್ಕೋರು ನೋಡಿಕೊಂಡಿರುತ್ತಾರೆಂದು ತಿಳಿದರು. ನಾಲ್ಕು ದಿನ ನಾವು ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಕೂತಿದ್ದರೆ, ಅಲ್ಲೆಲ್ಲೋ ನಮ್ಮ ಹತ್ತು ಕಂಪ್ಯೂಟರುಗಳು ಝಗಝಗ ಉರಿಯುತ್ತಿದ್ದವು.

ಐದನೆಯ ದಿನ ಸೊಸೆ ಬಂದಳು. ಬಿಲ್ಲು ತೆರೆದ ಮೊಬೈಲು ಮುಂದಿಟ್ಟಳು. ಜಗಳಾಡಿದ್ದರೆ ಚೆನ್ನಾಗಿತ್ತು. “ರೂಮಿನ ಡಿಪಾಸಿಟ್ ಹೆಚ್ಚುಕಡಿಮೆ ಇಷ್ಟೇ ಇತ್ತು ಆಯಿ” ಅಂದಳು, ಅಷ್ಟೆ. ಮಂಜಗುಣಿಯ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ‘ನಾನು ಹೇಳಿದ್ದೆ’ ಅನ್ನಲಿಲ್ಲ. ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದ್ದೆ. ಒಬ್ಬಳು ಕೇಳಿದಳು. ಅವಳ ಬಾಯಿ ಮುಚ್ಚಿಸಿದವಳು ನಾನೇ.

ನಲವತ್ತು ವರ್ಷದ ಡೈರಿಗಳಿಗೆ ಗಾಜಿನ ಬಾಗಿಲಿನ ಒಂದು ಸಾಗವಾನಿ ಕಪಾಟು ಮಾಡಿಸಲು ದುಡ್ಡು ಕೂಡಿಟ್ಟಿದ್ದೆ. ಅದನ್ನು ತೆಗೆದು ಬಿಲ್ಲು ಕಟ್ಟಿದೆ. ಡಿಪಾಸಿಟ್ ಉಳಿಯಿತು, ಅಂಕೋಲೆಯ ರೂಮು ತೆರೆಯಿತು. ಅಲ್ಲಿ ಮಂಜಗುಣಿಯ ಹುಡುಗಿ ಕಲಿಸುತ್ತಾಳೆ. ಬೋರ್ಡಿನ ಮೇಲೆ ಅವಳೇ ಬರೆದ ನಿಯಮ: ‘ಕ್ಲಾಸು ಸಂಜೆ ಐದಕ್ಕೆ ಮುಗಿಯುತ್ತದೆ. ಅಳಿಸುವುದೆಲ್ಲ ಅದರೊಳಗೆ.’ ನನ್ನ ಡೈರಿಗಳು ಈಗಲೂ ತಗಡಿನ ಟ್ರಂಕಿನಲ್ಲಿವೆ.

ಖರ್ಚನ್ನು ಮನೆಯ ಲೆಕ್ಕದ ಪುಸ್ತಕಕ್ಕೆ ಹತ್ತಿಸಲು ಕೂತಾಗ ಮಾತ್ರ ಪೆನ್ನು ನಿಂತಿತು. ನಲವತ್ತು ವರ್ಷದಲ್ಲಿ ನನ್ನ ತಪ್ಪಿಗೆಂದು ಒಂದು ಖರ್ಚಿನ ಕಲಮು ಹಾಕಿದ್ದೇ ಇಲ್ಲ. ಯಜಮಾನರು ಪೇಪರಿನ ಹಿಂದಿನಿಂದ ಕೇಳಿದರು, “ಕಾರಣ ಎಂತ ಆಗಿತ್ತು? ಅದರ ಕೆಳಗೇ ಬರಿ.”

ಹಾಗೇ ಬರೆದಿದ್ದೇನೆ. ಬೇಕಾದವರು ನೋಡಬಹುದು:

‘ಜುಲೈ ತಿಂಗಳು. ದೇವರ ದೀಪದ ಎಣ್ಣೆ: ಇಪ್ಪತ್ತೊಂದು ಸಾವಿರದ ಎಂಟುನೂರ ಎಪ್ಪತ್ತು ರೂಪಾಯಿ.’