ಕಸದ ಗಾಡಿಯ ಕಲ್ಯಾಣಿ

"ಇನ್ಮೇಲೆ ಕಡೂರಲ್ಲಿ ಬೆಳಗಾಗೋದು ಸೂರ್ಯನಿಂದಲ್ಲ ಕಣೇ, ನನ್ನ ಕಂಠದಿಂದ!"

ಶಾಮಣ್ಣನವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೆಗಲ ಮೇಲಿನ ಟವೆಲನ್ನು ಶಾಲಿನಂತೆ ಹೊದ್ದುಕೊಂಡು ಹೀಗೆ ಘೋಷಿಸಿದಾಗ ಅವರ ಧರ್ಮಪತ್ನಿ ಸೀತಾದೇವಿ ಅವರೆಕಾಳು ಹಿಸುಕುತ್ತಿದ್ದರು. ತಲೆ ಎತ್ತಲಿಲ್ಲ.

"ಹಂಗಾದ್ರೆ ನಾಳೆ ಸ್ವಲ್ಪ ತಡವಾಗಿ ಬೆಳಗು ಮಾಡಿ. ಈ ಕಾಳು ಹಿಸುಕಿ ಹಿಸುಕಿ ಸೊಂಟ ಬಿದ್ದೋಗಿದೆ."

ಶಾಮಣ್ಣನವರದು ಕಡೂರು ಪೇಟೆಯಲ್ಲಿ ಕನ್ನಡಕದ ಅಂಗಡಿ. ಊರಿನ ಅರ್ಧ ಜನ ಅವರ ಕನ್ನಡಕದಲ್ಲೇ ಲೋಕ ನೋಡುವವರು. ಆದರೆ ಶಾಮಣ್ಣನವರ ಜೀವವೆಲ್ಲ ಇದ್ದದ್ದು ಸಂಗೀತದಲ್ಲಿ. ಹರೆಯದಲ್ಲಿ ಅಜ್ಜಂಪುರದ ಸೋದರಮಾವನ ಮನೆಯಲ್ಲಿದ್ದುಕೊಂಡು, ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಪಾಠ ಹೇಳಿಸಿಕೊಂಡವರು. ಆ ಮೇಷ್ಟ್ರು ಒಂದು ದಿನ, "ನಿನ್ನ ಕಲ್ಯಾಣಿ ಕೇಳಿದ್ರೆ ಕಲ್ಲು ಕೂಡ ಕೂತು ಕೇಳುತ್ತೆ ಕಣೋ" ಅಂದಿದ್ದರಂತೆ. ಈ ಮಾತನ್ನು ಶಾಮಣ್ಣನವರು ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದಾಗ, "ಕಲ್ಲು ಇನ್ನೇನು ಮಾಡುತ್ತೆ ಪಾಪ, ಎದ್ದು ಹೋಗೋಕೆ ಅದಕ್ಕೆ ಕಾಲಿದ್ಯಾ?" ಎಂದು ಸೀತಾದೇವಿ ಕೇಳಿದ್ದರು. ಅಂದಿನಿಂದ ಆ ಮನೆಯಲ್ಲಿ ಎರಡು ಸಂಗೀತ ಪಕ್ಷಗಳು. ಒಂದು ನಡುಮನೆಯ ಹಾರ್ಮೋನಿಯಂ ಪಕ್ಷ, ಇನ್ನೊಂದು ಅಡುಗೆಮನೆಯ ಸೋಬಾನೆ ಪಕ್ಷ.

"ಸಂಗೀತ ಅಂದ್ರೆ ರಾಗ ಬೇಕು, ಆಲಾಪ ಬೇಕು, ಸಾಧನೆ ಬೇಕು! ನಿಂದು ಬರೀ ಒಗ್ಗರಣೆ ಹೊತ್ತಿನ ಗುನುಗು."

"ಇರ್ಲಿ ಬಿಡಿ. ನಾನು ಆರತಿ ಹಾಡು ಶುರು ಮಾಡಿದ್ರೆ ಮುಗಿಯೋವರೆಗೂ ಒಬ್ಬರೂ ಕದಲಲ್ಲ."

"ಮದುಮಗ ಹೆಂಗೆ ಕದಲ್ತಾನೆ? ಎದುರಿಗೆ ಆರತಿ ತಟ್ಟೆ ಹಿಡಿದು ಅಡ್ಡ ನಿಂತಿರ್ತೀಯಲ್ಲ!"

ಹೀಗೆ ಅಬ್ಬರಿಸಿದರೂ ಶಾಮಣ್ಣನವರ ಎದೆಯೊಳಗೆ ಒಂದು ಮುಳ್ಳಿತ್ತು. ಹೆಂಡತಿಯ ಮಾತು ನಿಜ. ಅವರ ಹಾಡನ್ನು ಈವರೆಗೆ ಒಬ್ಬರೂ ಕೊನೆಯವರೆಗೆ ಕೇಳಿರಲಿಲ್ಲ! ಬ್ರಹ್ಮ ಅವರ ಹಣೆಯಲ್ಲಿ ಪಲ್ಲವಿ ಬರೆದು, ಚರಣ ಬರೆಯುವ ಹೊತ್ತಿಗೆ ಮಸಿ ಮುಗಿಸಿಕೊಂಡಿದ್ದ. ಅಜ್ಜಂಪುರದ ನಾಟಕದಲ್ಲಿ ಒಮ್ಮೆ ನಾರದನ ಪಾತ್ರ ಸಿಕ್ಕಿ, ಪಲ್ಲವಿ ಮುಗಿಸಿ ಕಣ್ಣುಮುಚ್ಚಿ ಚರಣಕ್ಕೆ ಉಸಿರೆಳೆದುಕೊಂಡರು. ಹಾಡು ಮುಗಿಯಿತೆಂದುಕೊಂಡ ಪರದೆಯವನು ಪರದೆ ಬಿಟ್ಟುಬಿಟ್ಟ. ಗೆಳೆಯನ ಮದುವೆಯಲ್ಲಿ ಹಾಡಲು ಕೂತರೆ, ಚರಣಕ್ಕೆ ಬರುವ ಹೊತ್ತಿಗೆ ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ!" ಎಂದು ಕೂಗಿ, ಡೋಲು ನಾಗಸ್ವರದ ಅಬ್ಬರದಲ್ಲಿ ಶಾಮಣ್ಣನವರ ಬಾಯಿ ಮೀನಿನ ಬಾಯಿಯಂತೆ ಸುಮ್ಮನೆ ತೆರೆದು ಮುಚ್ಚಿತ್ತು. ಒಂದೇ ಒಂದು ಸಲ, ಒಬ್ಬರಾದರೂ ಕೂತು ತಮ್ಮ ಚರಣ ಕೇಳಬೇಕು. ಅದೊಂದೇ ಅವರ ಆಸೆ.

ಇಂಥ ಮನುಷ್ಯನ ಅಂಗಡಿಗೆ ಅಂದು ಬೆಳಿಗ್ಗೆ ಬಂದವರು ವಾರ್ಡಿನ ಮೆಂಬರ್ ರೇವಣಪ್ಪ. ಕನ್ನಡಕದ ಸ್ಕ್ರೂ ಬಿಗಿಸಿಕೊಂಡು ಹೋಗುವವರು, ಹಾಗೇ ಕೂತು ಕೇಳಿದರು.

"ಶಾಮಣ್ಣೋರೆ, ನಮ್ಮ ಕಸದ ಗಾಡಿಗೆ ಒಂದು ಹಾಡು ಬೇಕಲ್ಲ. ಬರೀ ವಿಷಲ್ ಊದಿದ್ರೆ ಜನ ಎದ್ದು ಬತ್ತಿಲ್ಲ. ಹಸಿ ಕಸ, ಒಣ ಕಸ ಬೇರೆ ಬೇರೆ ಕೊಡಿ ಅಂತ ಹಾಡಲ್ಲಿ ಬರ್ಬೇಕು. ಹಾಡಿಕೊಡ್ತೀರಾ?"

ಬೇರೆ ಯಾವ ಗಾಯಕನಾಗಿದ್ದರೂ ಕಸ ಎಂಬ ಪದ ಕೇಳಿ ಮೂಗು ಮುಚ್ಚಿಕೊಳ್ಳುತ್ತಿದ್ದ. ಶಾಮಣ್ಣನವರು ಲೆಕ್ಕ ಹಾಕಿದ್ದೇ ಬೇರೆ. ದಿನಾ ಬೆಳಿಗ್ಗೆ, ಪ್ರತಿ ಬೀದಿ, ಪ್ರತಿ ಬಾಗಿಲು, ಅದೂ ಲೌಡ್‌ಸ್ಪೀಕರಿನಲ್ಲಿ! ಯಾವ ವಿದ್ವಾಂಸನಿಗಿದೆ ಈ ಭಾಗ್ಯ? ಆ ಸಂಭ್ರಮದಲ್ಲಿಯೇ ಮನೆಗೆ ಬಂದು ಸೂರ್ಯನನ್ನು ಕೆಲಸದಿಂದ ತೆಗೆದುಹಾಕಿದ್ದು.

ಸಾಹಿತ್ಯವನ್ನೂ ತಾವೇ ರಚಿಸಿದರು. ಪಲ್ಲವಿ ಮೋಹನದಲ್ಲಿ: "ಏಳಮ್ಮ ತಾಯೇ, ಬಂದಿತು ಗಾಡಿ, ಹಸಿ ಕಸ ಹಿಡಿದು ಬಾರಮ್ಮ ಓಡಿ!" ಮೊದಲಿಗೆ ಎದೆ ತುಂಬಿ ಒಂದು 'ಆ...' ಎಂಬ ಆಲಾಪ. ಆದರೆ ತಮ್ಮ ಪ್ರಾಣವನ್ನೆಲ್ಲ ಅವರು ಸುರಿದದ್ದು ಕಲ್ಯಾಣಿಯ ಚರಣಕ್ಕೆ: "ಒಣಗಿದ ಕಸಕೆ ಬೇರೆಯ ಬುಟ್ಟಿ, ಬೆರೆಸದೆ ಕೊಟ್ಟರೆ ನೀನೇ ಗಟ್ಟಿ!" ಸೀತಾದೇವಿಯ ಅಣ್ಣನ ಮಗ ಭಾರ್ಗವನಿಗೆ ತರೀಕೆರೆಯಲ್ಲಿ ಫೋಟೋ ವಿಡಿಯೋ ಸ್ಟುಡಿಯೋ ಇತ್ತು. ಅಲ್ಲಿ ಕೂತು ರೆಕಾರ್ಡ್ ಮಾಡಿಸಿದರು. 'ಗಟ್ಟಿ' ಎಂಬಲ್ಲಿ ರಾಗವನ್ನು ಬಳುಕಿಸಿ ಒಂದು ಸಂಗತಿ ಹಾಕಿ, ಹಾಡಿದವರೇ ಕಣ್ಣೊರೆಸಿಕೊಂಡರು.

ಮೊದಲ ದಿನ ಶಾಮಣ್ಣನವರು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಗೇಟಿನಲ್ಲಿ ನಿಂತರು. ಬೀದಿಯ ತುದಿಯಿಂದ 'ಆ...' ಕೇಳಿಸಿತು. ಅಬ್ಬಾ, ಏನು ಪ್ರಭಾವ! ಟಪಟಪ ಬಾಗಿಲುಗಳು ತೆರೆದವು. ಎದುರುಮನೆ ಮಲ್ಲಿಕಾಂಬ ಬಕೆಟ್ ಹಿಡಿದು, ಸೆರಗು ಸಿಕ್ಕಿಸಿಕೊಂಡು ಓಡಿಬಂದರು. ಇಡೀ ಬೀದಿಯೇ ಓಡಿತು. ಪಲ್ಲವಿ ಮುಗಿಯುವಷ್ಟರಲ್ಲಿ ಕಸ ಹಾಕಿ ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚರಣ ಬರುವ ಹೊತ್ತಿಗೆ ಬೀದಿಯಲ್ಲಿ ಉಳಿದದ್ದು ಶಾಮಣ್ಣನವರು ಮತ್ತು ಒಂದು ಕಂದು ನಾಯಿ. ಗಾಡಿ ಹೊರಟಾಗ ನಾಯಿಯೂ ಹೋಯಿತು.

"ನೋಡಿದ್ಯಾ! ಚರಣಕ್ಕೆ ಒಬ್ಬರೂ ನಿಲ್ಲಲಿಲ್ಲ!"

"ಓಡಿ ಅಂತ ಬರೆದೋರು ಯಾರು? ನೀವೇ ತಾನೇ? ಓಡಿದ್ರು!" ಎಂದು ಸೀತಾದೇವಿ ಬಕೆಟ್ ತೊಳೆಯಲು ಹೋದರು.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಹದಿನೈದು ದಿನದಲ್ಲಿ ಊರಿನ ಕೈಕಾಲುಗಳಿಗೆ ಶಾಮಣ್ಣನವರ ಧ್ವನಿ ಅಭ್ಯಾಸವಾಗಿಬಿಟ್ಟಿತು. ಒಂದು ಸಂಜೆ ಅವರು ಹಾರ್ಮೋನಿಯಂ ಮುಂದಿಟ್ಟುಕೊಂಡು ಯಾವುದೋ ದೇವರನಾಮಕ್ಕೆ 'ಆ...' ಎಂದರೋ ಇಲ್ಲವೋ, ಗೇಟು ಕಿರ್ರೆಂದಿತು. ಮಲ್ಲಿಕಾಂಬ! ಕೈಯಲ್ಲಿ ಬಕೆಟ್!

"ಸಂಜೆನೂ ಬತ್ತದಾ ಗಾಡಿ? ಒಳ್ಳೇದಾಯ್ತು ಕಣ್ರೀ, ಮೀನು ತೊಳೆದಿದ್ದೆ."

ಅವರ ಹಿಂದೆ ಇನ್ನೂ ನಾಲ್ಕು ಬಕೆಟ್ಟು. ಗಾಡಿ ಇಲ್ಲವೆಂದು ತಿಳಿಸುವಷ್ಟರಲ್ಲಿ ಕೆಲವರು ಚೀಲವನ್ನು ಗೇಟಿನ ಬಳಿಯೇ ಇಟ್ಟು ಹೋದರು. ಮಾರನೆಯ ಸಂಜೆ ಶಾಮಣ್ಣನವರು ಸ್ನಾನದ ಮನೆಯಲ್ಲಿ ಗುನುಗಿದರು. ಹೊರಗೆ ಬಂದು ನೋಡಿದರೆ ಬಾಳೆಕಾಯಿ ಸಿಪ್ಪೆಯ ಗುಡ್ಡೆ! ಕಂದು ನಾಯಿ ನೆಂಟರಿಷ್ಟರ ಸಮೇತ ಬಂದು ಠಿಕಾಣಿ ಹೂಡಿತು. ಸೀತಾದೇವಿ ಪೊರಕೆ ನೆಲಕ್ಕೆ ಕುಟ್ಟಿದರು.

"ಇನ್ನೊಂದು ಸಲ ಈ ಮನೇಲಿ ರಾಗ ಎಳೆದ್ರೆ ನೋಡಿ! ಎಮ್ಮೆದೊಡ್ಡಿ ಕಾವಲಿಗೆ ಹೋಗಿ ಹಾಡಿ. ಅಲ್ಲಿ ದನಗಳಿಗೆ ಬಕೆಟ್ ಇಲ್ಲ."

ಗಾಯದ ಮೇಲೆ ಬರೆ ಎಳೆಯಲು ರೇವಣಪ್ಪ ಬಂದರು. "ಸ್ವಾಮೀ, ಜನ ಏನೋ ಓಡಿ ಬತ್ತಾರೆ. ಆದ್ರೆ ಹಸಿದೂ ಒಣದೂ ಎಲ್ಲಾ ಕಲಸಿ ಒಂದೇ ಬಕೆಟ್ಟಲ್ಲಿ ತತ್ತಾರೆ. ಒಣ ಕಸದ ವಿಷಯ ಹಾಡಲ್ಲಿ ಹಾಕಿ ಅಂದಿದ್ನಲ್ಲ?"

"ಹಾಕಿದೀನಲ್ರೀ! ಚರಣದಲ್ಲಿದೆ! ಕಲ್ಯಾಣಿ ರಾಗದಲ್ಲಿದೆ!"

"ಅಯ್ಯೋ, ಚರಣ ಯಾರು ಕೇಳ್ತಾರೆ ಸ್ವಾಮಿ? ಅಷ್ಟೊತ್ತಿಗೆ ಗಾಡಿ ಮುಂದಿನ ಬೀದಿಲಿರುತ್ತೆ."

ಶಾಮಣ್ಣನವರಿಗೆ ಅಂದು ಊಟ ಸೇರಲಿಲ್ಲ. ಆದರೆ ಕಲಾವಿದ ಅಷ್ಟು ಸುಲಭಕ್ಕೆ ಸೋಲುತ್ತಾನೆಯೇ? ತರೀಕೆರೆಯಲ್ಲಿ ಭಾರ್ಗವನ ಮದುವೆಯ ಆರತಕ್ಷತೆ ಬರುವುದಿತ್ತು. "ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಮ್ಮೂರಿಗೆ ನಾನು ಕಸದ ಗಾಡಿ ಇರಬಹುದು. ತರೀಕೆರೆಗೆ ನಾನು ಹೊಸಬ. ಅಲ್ಲಿ ಚರಣ ಹಾಡೇ ಹಾಡ್ತೀನಿ!" ಎಂದು ಕಚ್ಚೆ ಕಟ್ಟಿದರು. ಮಾವನ ಹಾಡೆಂದರೆ ಭಾರ್ಗವನಿಗೂ ಹಿಗ್ಗು.

ಛತ್ರ ತುಂಬಿತ್ತು. ವೇದಿಕೆಯ ಪಕ್ಕದಲ್ಲಿ ಹಾರ್ಮೋನಿಯಂ, ಮುಂದೆ ಮೈಕು. ಮೊದಲ ಸಾಲಿನಲ್ಲಿ ರೇಷ್ಮೆ ಸೀರೆಯ ಹೆಂಗಸರು. ಶಾಮಣ್ಣನವರು ಮೇಷ್ಟ್ರನ್ನು ನೆನೆದು, ಕಣ್ಣುಮುಚ್ಚಿ, ಎದೆ ತುಂಬಿ ಎಳೆದರು: "ಆ..."

ಕುರ್ಚಿಗಳು ಸರಿದ ಸದ್ದು. ಎದ್ದು ನಿಂತು ಕೇಳುತ್ತಿದ್ದಾರೆ, ಎಂಥ ರಸಿಕರು! ಎಂದುಕೊಂಡು ಒಂದು ಕಣ್ಣು ತೆರೆದರು. ಮೊದಲ ಸಾಲು ಪೂರ್ತಿ ಎದ್ದು ನಿಂತಿದೆ, ನಿಜ. ಆದರೆ ನಿಂತವರೆಲ್ಲ ಕೆಳಗೆ ಬಗ್ಗಿ ಏನೋ ಹುಡುಕುತ್ತಿದ್ದಾರೆ! ಒಬ್ಬ ಮುತ್ತೈದೆ ಕುಡಿದಿಟ್ಟ ಜ್ಯೂಸಿನ ಲೋಟಗಳನ್ನು ಬಾಚಿಕೊಂಡು ಬಾಗಿಲ ಕಡೆ ನಾಲ್ಕು ಹೆಜ್ಜೆ ಓಡಿ, ತಬ್ಬಿಬ್ಬಾಗಿ ನಿಂತರು. ಅಷ್ಟರಲ್ಲಿ ಊಟದ ಮನೆಯ ಬಾಗಿಲು ಧಡಾರನೆ ತೆರೆದು, ಅಡುಗೆಯವರಿಬ್ಬರು ಎಂಜಲೆಲೆಯ ದೊಡ್ಡ ಡ್ರಮ್ಮು ಹೊತ್ತು ಏದುಸಿರು ಬಿಡುತ್ತಾ ಬಂದರು.

"ಗಾಡಿ ಎಲ್ಲಿ ನಿಲ್ಲಿಸಿದೀರಾ ಸ್ವಾಮಿ?"

ಇಡೀ ಛತ್ರ ಗೊಳ್ಳೆಂದಿತು. ಮದುಮಗಳು ಮಾನ್ಯಾ ಕಣ್ಣರಳಿಸಿ, "ಅಯ್ಯೋ ಮಾವ, ಅದು ನೀವಾ? ನಮ್ಮ ಬೀದೀಲಿ ದಿನಾ ಕೇಳ್ತೀವಿ!" ಎಂದಳು. ಭಾರ್ಗವ ಹೆಮ್ಮೆಯಿಂದ ಮೈಕು ಕಿತ್ತುಕೊಂಡ. "ಮಾವಂಗೆ ಆಮೇಲೆ ಹೇಳೋಣ ಅಂತಿದ್ದೆ. ಹಾಡು ಚೆನ್ನಾಗಿದೆ ಅಂತ ತರೀಕೆರೆಗೂ ಕೊಟ್ಟೆ, ಅಜ್ಜಂಪುರಕ್ಕೂ ಕೊಟ್ಟೆ. ಮೂರೂ ಊರಲ್ಲಿ ಮಾವಂದೇ ಧ್ವನಿ!"

ಚಪ್ಪಾಳೆಯೋ ಚಪ್ಪಾಳೆ! ಮೂರು ಊರಿನ ಗಾಯಕ ಸಾರ್ವಭೌಮರು ಎಂಜಲೆಲೆಯ ಡ್ರಮ್ಮಿನ ಪಕ್ಕ ಕೈಮುಗಿದು ನಿಂತರು. ಫೋಟೋ ತೆಗೆದರು. ಡ್ರಮ್ಮೂ ಬಂತು. ಚರಣ ಮಾತ್ರ ಬರಲಿಲ್ಲ.

ಶಾಮಣ್ಣನವರು ಬಸ್ಸಿನಲ್ಲಿ ಊರಿಗೆ ಮರಳಿದರು. ಮನೆಗೆ ಬಂದವರೇ ಹಾರ್ಮೋನಿಯಂಗೆ ಹಳೇ ಬೆಡ್‌ಶೀಟು ಹೊದಿಸಿ ಮೂಲೆಗೆ ತಳ್ಳಿದರು. ಸೀತಾದೇವಿ ಅದನ್ನು ನೋಡಿದರು. ಎಂದಿನಂತೆ ಒಂದು ಕೊಂಕು ಮಾತು ನಾಲಗೆಯ ತುದಿಗೆ ಬಂದಿತ್ತು; ನುಂಗಿಕೊಂಡರು.

ಮರುದಿನ ಭಾನುವಾರ. ಗಾಡಿಗೆ ರಜೆ. ಶಾಮಣ್ಣನವರು ಪೇಪರಿನ ಹಿಂದೆ ಮುಖ ಮರೆಸಿ ಕೂತಿದ್ದರು. ಅಡುಗೆಮನೆಯಿಂದ ದೋಸೆ ಹುಯ್ಯುವ ಸದ್ದಿನ ನಡುವೆ ಒಂದು ಗುನುಗು ತೇಲಿಬಂತು. ಸೋಬಾನೆಯಲ್ಲ, ಆರತಿಯ ಹಾಡಲ್ಲ. "ಒಣಗಿದ ಕಸಕೆ ಬೇರೆಯ ಬುಟ್ಟಿ..."

ಕಲ್ಯಾಣಿ! 'ಗಟ್ಟಿ'ಯ ಸಂಗತಿ ಸಮೇತ! ಪೇಪರು ಜಾರಿತು. ಶಾಮಣ್ಣನವರು ಬಾಗಿಲಿಗೆ ಬಂದು ನಿಂತರು.

"ಸೀತಾ... ಚರಣ ನಿಂಗೆ ಹೆಂಗೆ ಗೊತ್ತು?"

"ದಿನಾ ಕೇಳ್ತೀನಲ್ಲ. ಎಲ್ಲರೂ ಕಸ ಹಾಕಿ ಒಳಗೆ ಹೋದ್ಮೇಲೆ ನಾನು ಹಿತ್ತಲ ಬಾಗಿಲಲ್ಲಿ ನಿಂತಿರ್ತೀನಿ. ಗಾಡಿ ಹಿಂದಿನ ಬೀದಿಗೆ ತಿರುಗಿದಾಗ ಅಲ್ಲಿಗೆ ಚರಣ ಚೆನ್ನಾಗಿ ಕೇಳಿಸುತ್ತೆ." ದೋಸೆ ಮಗುಚಿ, ತಿರುಗಿ ನೋಡದೆಯೇ ಹೇಳಿದರು. "ಚೆನ್ನಾಗಿ ಹಾಡಿದೀರಿ. 'ಗಟ್ಟಿ' ಸ್ವಲ್ಪ ಉದ್ದ ಆಯ್ತು, ಅಷ್ಟೇ."

ಶಾಮಣ್ಣನವರಿಗೆ ಮೂರು ಊರು ಗೆದ್ದಾಗ ಬಾರದ ಹೆಮ್ಮೆ ಈಗ ಬಂತು. ಬೆಡ್‌ಶೀಟು ಹಾರಿಹೋಯಿತು, ಹಾರ್ಮೋನಿಯಂ ಅಡುಗೆಮನೆಯ ಬಾಗಿಲಿಗೇ ಬಂತು. "ಬಾರೇ, ಇಬ್ಬರೂ ಹಾಡೋಣ. ಆ...!"

ಗೇಟು ಕಿರ್ರೆಂದಿತು. ಮಲ್ಲಿಕಾಂಬ, ಬಕೆಟ್.

ಈ ಸಲ ಸೀತಾದೇವಿ ಸೌಟು ಹಿಡಿದೇ ಹೊರಗೆ ಹೋದರು. "ಗಾಡಿ ಇಲ್ಲ ಮಲ್ಲಿಕಾಂಬ. ಬಕೆಟ್ ಅಲ್ಲೇ ಇಟ್ಟು ಒಳಗೆ ಬನ್ನಿ. ದೋಸೆ ಕೊಡ್ತೀನಿ, ತಿನ್ತಾ ಕೂತ್ಕೊಳ್ಳಿ. ನಮ್ಮನೆಯವರು ಚರಣ ಹಾಡ್ತಾರೆ. ಮುಗಿಯೋವರೆಗೂ ಏಳಂಗಿಲ್ಲ."

ಮಲ್ಲಿಕಾಂಬ ಕೂತರು. ಗಂಡ ಹೆಂಡತಿ ಹಾಡಿದರು. ಪಲ್ಲವಿ ಕಳೆಯಿತು, ಪರದೆ ಬೀಳಲಿಲ್ಲ, ಗಟ್ಟಿಮೇಳ ಮೊಳಗಲಿಲ್ಲ. ಶಾಮಣ್ಣನವರು ಕಲ್ಯಾಣಿಯ ಚರಣವನ್ನು ಹೂವೆತ್ತಿದ ಹಾಗೆ ಎತ್ತಿ, ಎರಡೆರಡು ಸಲ ಹಾಡಿ, 'ಗಟ್ಟಿ'ಯನ್ನು ಹೆಂಡತಿ ಹೇಳಿದಷ್ಟೇ ಎಳೆದು ಮುಗಿಸಿದರು. ಮಲ್ಲಿಕಾಂಬ ಅವರ ಕೈಯ ದೋಸೆ ಕೈಯಲ್ಲೇ ಉಳಿದಿತ್ತು. ಬಾಯಿ ತೆರೆದಿತ್ತು. ಎದುರಿಗೆ ಕೂತು ಕೇಳಿದ, ಜೀವಮಾನದ ಮೊದಲ ಪೂರ್ಣ ಶ್ರೋತೃ! ಶಾಮಣ್ಣನವರು ಎದೆಯುಬ್ಬಿಸಿ, ಪ್ರಶಂಸೆಗೆ ಕಿವಿಯೊಡ್ಡಿ ಕಾದರು.

"ಅಲ್ಲಾ ಶಾಮಣ್ಣೋರೆ," ಎಂದರು ಮಲ್ಲಿಕಾಂಬ, "ಒಣ ಕಸ ಬೇರೆ ಕೊಡ್ಬೇಕು ಅಂತ ಇಷ್ಟು ದಿನ ಯಾಕ್ರೀ ಯಾರೂ ಹೇಳ್ಲಿಲ್ಲ? ಹಿಂಗೆ ಸುಮ್ನೆ ಹಾಡ್ತಾ ಕೂರೋ ಬದ್ಲು ಒಂದು ಮಾತು ಬಾಯ್ಬಿಟ್ಟು ಹೇಳಬಾರ್ದಾ?"