ಮೊಸರಿಲ್ಲದ ಹಿಮಾಲಯ

ಮನುಷ್ಯನಿಗೆ ಒಂದಲ್ಲ ಒಂದು ಚಟ ಇರುತ್ತದೆ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಮೊಸರು. ಊಟದ ಕೊನೆಗೆ ಗಟ್ಟಿ ಮೊಸರು ಬೀಳದಿದ್ದರೆ ಉಂಡೆನೆಂಬ ನಂಬಿಕೆಯೇ ಬರುವುದಿಲ್ಲ. ಇಂಥ ನಾನು ಒಮ್ಮೆ ಹಾಲು, ಮೊಸರು, ಬೆಣ್ಣೆ, ತುಪ್ಪ ಯಾವುದನ್ನೂ ಮುಟ್ಟದೆ ಹಿಮಾಲಯ ಹತ್ತಿ ಬಂದೆ ಎಂದರೆ ನೀವು ನಂಬಲಾರಿರಿ. ನಾನೂ ಆಗಾಗ ನಂಬುವುದಿಲ್ಲ.

ಆಗ ನಾನು ದಾವಣಗೆರೆಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರ. ಎವರೆಸ್ಟಿನ ತುದಿಗೆ ಮನುಷ್ಯ ಕಾಲಿಟ್ಟು ಕೆಲವು ವರ್ಷಗಳಾಗಿದ್ದವು. ದೇಶದ ತುಂಬ ಬೆಟ್ಟ ಹತ್ತುವ ಹುಚ್ಚು. ಹಿಮಾಲಯದ ಶಿಬಿರವೊಂದಕ್ಕೆ ಮಾಸ್ತರರು ಬೇಕೆಂದು ಸುತ್ತೋಲೆ ಬಂದಾಗ ಹೆಡ್‌ಮಾಸ್ತರರು ನನ್ನನ್ನು ಕೇಳದೆಯೇ ನನ್ನ ಹೆಸರು ಬರೆದು ಕಳಿಸಿದರು. ಆಯ್ಕೆಯೂ ಆಗಿಬಿಟ್ಟಿತು! ನಮ್ಮೂರೋ ರೊಟ್ಟಿಯ ಹಾಗೆ ಚಪ್ಪಟೆ. ಹತ್ತಿ ಅಭ್ಯಾಸ ಮಾಡೋಣವೆಂದರೆ ಗುಡ್ಡವಿಲ್ಲ. ಕೊನೆಗೆ ಅರ್ಧ ಚೀಲ ಭತ್ತವನ್ನು ಬೆನ್ನಿಗೆ ಕಟ್ಟಿಕೊಂಡು ಬೆಳಗಿನ ಹೊತ್ತು ಊರು ಸುತ್ತತೊಡಗಿದೆ. ಮಂಡಿಪೇಟೆಯಲ್ಲಿ ಒಬ್ಬ ಸಾಹುಕಾರರು ತಡೆದು, "ಏ ತಮ್ಮಾ, ಅದನ್ನ ಇಳಿಸಿ ಬಾ, ಇಲ್ಲಿ ಇನ್ನೂ ನಾಕು ಚೀಲ ಅದಾವೆ" ಎಂದರು. ನಾನು ಹಿಮಾಲಯಕ್ಕೆ ಹೊರಟವನು ಎಂದು ಎದೆಯುಬ್ಬಿಸಿ ಹೇಳಿದೆ. "ಹೌದೇನು? ಹಂಗಾರೆ ನಮ್ಮ ಗೋಡೌನು ದಾರ್‍ಯಾಗೇ ಐತೆ" ಎಂದರು.

ಅವ್ವನ ತವರು ಹರಿಹರ. ಸುದ್ದಿ ಕೇಳಿದ್ದೇ ತಡ, ಬಸ್ಸು ಹತ್ತಿ ಹೋಗಿ, ಹರಿಹರೇಶ್ವರನ ಮುಂದೆ ನಿಂತು ಹರಕೆ ಹೊತ್ತು ಬಂದಳು.

"ಇನ್ನ ನೀ ಹಾಲು, ಮಸರು, ತುಪ್ಪ ಮುಟ್ಟಂಗಿಲ್ಲ ನೋಡು. ದೇವ್ರಿಗೆ ಮಾತು ಕೊಟ್ಟೀನಿ."

"ಹರಕೆ ಹೊತ್ತೋಳು ನೀನು. ನೀನೇ ಬಿಡು."

"ನಾ ಬಿಟ್ರೆ ಏನು ಬಂತು? ಗುಡ್ಡ ಹತ್ತೋನು ನೀನಲ್ಲೇನು?"

"ಅಷ್ಟು ದೂರದಾಗೆ ನಾ ಏನು ತಿಂದೆ ಅಂತ ದೇವ್ರು ನೋಡ್ಕೊಂತ ಕುಂತಿರ್ತಾನೇನವ್ವ?"

"ಅಲ್ಲಿ ಇಬ್ರದಾರಪ್ಪ. ಹರಿ ಕಣ್ಣು ಮುಚ್ಚಿದ್ರೆ ಹರ ನೋಡ್ತಿರ್ತಾನೆ."

ಮಾಂಸ, ಮೊಟ್ಟೆ ನಮ್ಮ ಮನೆತನದಲ್ಲೇ ಇಲ್ಲ. ಈಗ ಹಾಲೂ ಹೋಯಿತು. ಉಳಿದದ್ದು ಕಾಳುಕಡಿ, ಸೊಪ್ಪು ಸದೆ. ಹೆಂಡತಿ ಗಿರಿಜಾ ಮಾತ್ರ ಧೈರ್ಯಗೆಡಲಿಲ್ಲ. ಒಗ್ಗರಣೆ ಮಂಡಕ್ಕಿ, ಶೇಂಗಾ ಉಂಡೆ, ಕೆಂಪು ಮೆಣಸಿನಕಾಯಿಯ ಚಟ್ನಿಪುಡಿ ಎಲ್ಲವನ್ನೂ ದೊಡ್ಡ ಬಿಸ್ಕೀಟಿನ ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಮೇಣ ಮೆತ್ತಿದಳು. "ಮ್ಯಾಲೆ ಹೋಗೋವರೆಗೂ ತೆಗೀಬ್ಯಾಡ್ರಿ. ಯಾರಿಗೂ ಕೊಡಬ್ಯಾಡ್ರಿ. ನಿಮ್ಮ ಕೈ ಭಾಳ ಸಡ್ಲ" ಎಂದಳು.

ಶಿಬಿರದ ಗುರು ಸೈನ್ಯದಿಂದ ನಿವೃತ್ತನಾದ ಹವಾಲ್ದಾರ. ಮೀಸೆಯೇ ಅರ್ಧ ಸೇರು ತೂಗುವಂತಿತ್ತು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಳ್ಳುತ್ತ ಊಟದ ವಿಚಾರ ಕೇಳಿದ. ಮಾಂಸ? ಇಲ್ಲ. ಮೊಟ್ಟೆ? ಇಲ್ಲ. ಹಾಲು? ಇಲ್ಲ. ತುಪ್ಪ? ಅದೂ ಇಲ್ಲ. ಆತ ಪುಸ್ತಕ ಮುಚ್ಚಿ, ನೀವು ಬೆಟ್ಟ ಹತ್ತಲು ಬಂದಿರೋ ತಪಸ್ಸಿಗೆ ಬಂದಿರೋ ಎಂದು ಹಿಂದಿಯಲ್ಲಿ ಕೇಳಿದ. ಶಿಬಿರಕ್ಕೆ ಬಂದಿದ್ದ ಅಷ್ಟೂ ಜನ ನಕ್ಕರು. ತಪ್ಪಲಿನಲ್ಲಿದ್ದಷ್ಟು ದಿನ ನಾನು ಬೇಳೆ, ಒಣ ಚಪಾತಿಯಲ್ಲಿ ದಿನ ನೂಕಿದೆ.

ಕೊನೆಯ ಡೇರೆ ಹಾಕಿದ್ದು ಹದಿನೇಳು ಸಾವಿರ ಅಡಿಯ ಮೇಲೆ. ಅಲ್ಲಿ ಗಾಳಿ ತೆಳುವಾದಂತೆ ಎಲ್ಲರ ಹಸಿವೂ ಸತ್ತುಹೋಯಿತು. ಡಬ್ಬಿಯ ಮಾಂಸ ಕಂಡರೆ ಹವಾಲ್ದಾರನೇ ಮುಖ ತಿರುಗಿಸುತ್ತಿದ್ದ. ಮಧ್ಯಾಹ್ನ ನಾನು ನನ್ನ ಡಬ್ಬಿಯ ಮೇಣವನ್ನು ಚಾಕುವಿನಿಂದ ಕೆರೆದೆ, ನೋಡಿ. ಒಳಗಿದ್ದುದು ದಾವಣಗೆರೆಯ ದಪ್ಪ ಗಾಳಿ. ಢಂ ಎಂದು ಮುಚ್ಚಳ ಹಾರಿತು! ಡೇರೆಯ ತುಂಬ ಮಂಡಕ್ಕಿಯ ಮಳೆ, ಚಟ್ನಿಪುಡಿಯ ಮೋಡ. ಹನ್ನೊಂದು ಜನ ಒಟ್ಟಿಗೆ ಸೀನಿದರು. ಹವಾಲ್ದಾರ ಮೀಸೆಗೆ ಸಿಕ್ಕಿದ್ದ ಒಂದು ಮಂಡಕ್ಕಿಯನ್ನು ಕಿತ್ತು ಬಾಯಿಗೆ ಹಾಕಿಕೊಂಡ. ಅವನ ಕಣ್ಣರಳಿತು. ಇನ್ನೊಂದು ಹೆಕ್ಕಿದ. ಖಾರಕ್ಕೆ ಎಲ್ಲರ ನಾಲಿಗೆಗೂ ಜೀವ ಬಂತು. ನಾನೂ ಹುರುಪಿನಲ್ಲಿ "ತಿನ್ನಿರಿ, ತಿನ್ನಿರಿ" ಎಂದು ಉಂಡೆಗಳನ್ನೂ ಹಂಚಿಬಿಟ್ಟೆ. ಅರ್ಧ ಗಂಟೆಯಲ್ಲಿ ಡಬ್ಬಿ ಬರಿದು.

ಮರುದಿನ ಬೆಳಿಗ್ಗೆ ತುದಿಗೆ ಹೊರಡಬೇಕು. ಇದ್ದದ್ದು ತುಪ್ಪದ ಪರೋಟ ಮತ್ತು ಹಾಲುಪುಡಿ ಬೆರೆಸಿದ ಚಹಾ. ಹಸಿದ ಹೊಟ್ಟೆಯಲ್ಲಿ ಆ ಹಿಮ ಹತ್ತಿದರೆ ನಡುದಾರಿಯಲ್ಲೇ ಕುಸಿಯುವುದು ಖಂಡಿತ. ಚಹಾದ ಲೋಟ ತುಟಿಯವರೆಗೂ ಬಂತು. ಅವ್ವನ ಮುಖ ನೆನಪಾಯಿತು. ಲೋಟ ಕೆಳಗಿಟ್ಟೆ. ನಮಗೆ ದಾರಿ ತೋರಲು ಜೊತೆಗೆ ಬಂದಿದ್ದ ಶೇರ್ಪಾ ಪಾಸಾಂಗ್ ಇದನ್ನು ನೋಡಿ ತನ್ನ ಚೀಲ ಬಿಚ್ಚಿ ಎರಡು ಬೇಯಿಸಿದ ಆಲೂಗಡ್ಡೆ ಕೊಟ್ಟ. ಹುರಿದ ಬಾರ್ಲಿ ಹಿಟ್ಟನ್ನು ಬಿಸಿನೀರು, ಉಪ್ಪು ಹಾಕಿ ಕಲಸಿಕೊಟ್ಟ. ಥೇಟ್ ನಮ್ಮ ಹುರಿಹಿಟ್ಟು! ಹವಾಲ್ದಾರ ತಾನೇ ಒಲೆಯ ಮುಂದೆ ಕೂತು ನನಗಾಗಿ ಬೇರೆ ಕರಿ ಚಹಾ ಕಾಸಿದ. ಅದರ ಬಲದಲ್ಲಿ ಹತ್ತಿದೆ. ಐದು ಹೆಜ್ಜೆಗೊಮ್ಮೆ ನಿಂತು, ಏದುಸಿರು ಬಿಡುತ್ತ, ಮೂರನೆಯವನಾಗಿ ತುದಿ ಮುಟ್ಟಿದೆ. ಸುಮ್ಮನೆ ನಗು ಬಂತು. ಹವಾಲ್ದಾರನನ್ನು ತಬ್ಬಿಕೊಂಡು ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

ವ್ರತ ಮಾತ್ರ ಬಿಡಲಿಲ್ಲ. ಇಳಿಯುವಾಗಲೂ ಕರಿ ಚಹಾ, ರೈಲಿನಲ್ಲೂ ಕರಿ ಚಹಾ. ಧಾರವಾಡದ ಅಜ್ಜಿಯೊಬ್ಬಳು ಪೇಡೆ ನೀಡಿದರೆ ಕೈಮುಗಿದು ನಿರಾಕರಿಸಿ, ಇಡೀ ಬೋಗಿಗೆ ನನ್ನ ತ್ಯಾಗದ ಕಥೆ ಹೇಳಿದೆ.

ಮನೆಗೆ ಬಂದು ಅವ್ವನಿಗೂ ಹೇಳಿದೆ. ಅವಳು ಬೆರಗಾಗಿ ನೋಡಿದಳು. "ಇಳಿಯುವಾಗ್ಲೂ ಬಿಟ್ಟಿದ್ದೇನು? ಹುಚ್ಚಪ್ಪಾ, ಹತ್ತೋವರೆಗೂ ಅಂತ ಅಲ್ಲೇನು ನಾ ಬೇಡ್ಕೊಂಡಿದ್ದು! ಇಳಿಯಾಕ ದೇವ್ರು ಯಾಕ ಬೇಕು? ಗುಡ್ಡದಿಂದ ಕಲ್ಲೂ ಇಳೀತೈತೆ."

ಆ ವಾರವೇ ಶಾಲೆಯಲ್ಲಿ ನನಗೆ ಸನ್ಮಾನ. ಹೋಗಿ ಬರುವವರೆಗೂ ಹನಿ ಹಾಲು ಮುಟ್ಟದ ನನ್ನ ಘೋರ ವ್ರತವನ್ನು, ದೇವರ ಆಜ್ಞೆಯೇ ಹಾಗಿತ್ತೆಂದು ಸೇರಿಸಿ, ರಸವತ್ತಾಗಿ ವರ್ಣಿಸಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವ ಎರಡು ಸಲ ಜೋರಾಗಿ ಕೆಮ್ಮಿದಳು. ಅವಳಿಗೊಂದು ಲೋಟ ನೀರು ಕೊಡಿಸಿ ಭಾಷಣ ಮುಂದುವರಿಸಿದೆ.