ಬಚ್ಚಲಮನೆಯ ಮೂರು ಬಿಲ್ಲೆಗಳು

ಮನುಷ್ಯನಿಗೆ ಗೊಂದಲವೇ ಇಲ್ಲದ ಜಾಗ ಅಂತ ಒಂದಾದರೂ ಇರಬೇಕು. ನನ್ನ ಪಾಲಿಗೆ ಅದು ಬಚ್ಚಲಮನೆಯಾಗಿತ್ತು. ನಾನು ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ದಿನವಿಡೀ ಮಕ್ಕಳ ಗೊಂದಲ ಬಿಡಿಸಿ ಮನೆಗೆ ಬಂದರೆ ಹೆಂಡತಿ, ಮಗಳ ಮಾತಿನ ನಡುವೆ ಸಿಕ್ಕು ನಾನೇ ಗೊಂದಲಕ್ಕೆ ಬೀಳುತ್ತೇನೆ. ಬೆಳಿಗ್ಗೆ ಚಿಲಕ ಹಾಕಿಕೊಂಡು ಬಿಸಿನೀರು ಸುರಿದುಕೊಳ್ಳುವಾಗ ಮಾತ್ರ ಜಗತ್ತು ಸರಳವಾಗಿರುತ್ತಿತ್ತು. ಮೈಗೆ ಸಾಬೂನು, ತಲೆಗೆ ಶಾಂಪೂ. ಅದು ಗಟ್ಟಿ, ಇದು ತೆಳು. ಕಣ್ಣು ಮುಚ್ಚಿಕೊಂಡಿದ್ದರೂ ಕೈಗೆ ತಿಳಿಯುತ್ತಿತ್ತು. ಈ ವ್ಯವಸ್ಥೆ ಕೆಟ್ಟದ್ದು ಬಾದಾಮಿಯಲ್ಲಿ.

ಮನೆಗೆ ಬಂದ ನೆಂಟರಿಗೆ ಬಾದಾಮಿ ತೋರಿಸುವುದು ನಮ್ಮ ಕಡೆ ಚಹಾ ಕೊಟ್ಟಷ್ಟೇ ಸಹಜ. ಹಾಗೆ ಹೋದಾಗ ಗುಹೆಗಳನ್ನೆಲ್ಲ ಹತ್ತಿ ಇಳಿದು, ಹೊಂಡದ ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುತ್ತ ಕುಳಿತಿದ್ದೆವು. ನನ್ನ ಹೆಂಡತಿ ಗಿರಿಜಾ ಎದ್ದು ನಾಲ್ಕು ಹೆಜ್ಜೆ ಹೋದವಳು ನಿಂತಳು. ಹರಿದ ಶಾಂಪೂ ಪಾಕೀಟೊಂದು ಅವಳ ಚಪ್ಪಲಿಗೆ ಅಂಟಿತ್ತು. ಕಿತ್ತು ಬಿಸಾಡಲು ಹೋದರೆ ಇನ್ನೊಂದು ಅಂಟಿತು. ಬಗ್ಗಿ ನೋಡಿದರೆ ಕಲ್ಲಿನ ಸಂದಿ ತುಂಬ ಅವೇ. ನಮ್ಮ ಬಚ್ಚಲ ಗೋಡೆಯ ಮೊಳೆಗೆ ಸರವಾಗಿ ತೂಗುತ್ತಿದ್ದವಲ್ಲ, ಅದೇ ಬಣ್ಣದವು. ಅವಳು ಏನೂ ಅನ್ನಲಿಲ್ಲ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಏನೂ ಅನ್ನಲಿಲ್ಲ. ಗಿರಿಜಾ ಮಾತಾಡಿದರೆ ನನಗೆ ಹೆದರಿಕೆಯಿಲ್ಲ, ಸುಮ್ಮನಾದರೆ ಮನೆಯಲ್ಲಿ ಏನೋ ಬದಲಾಗುತ್ತದೆ. ಹಿಂದೊಮ್ಮೆ ಹೀಗೆಯೇ ಸುಮ್ಮನಾಗಿದ್ದಳು, ಮರುವಾರ ನಮ್ಮ ಮನೆಯ ಟೀವಿ ಅವಳ ತಂಗಿಯ ಮನೆಗೆ ಹೋಗಿತ್ತು.

ಈ ಸಲ ಅವಳು ಬಾಗಲಕೋಟೆಯ ನವನಗರದಲ್ಲಿ ಹೆಣ್ಣುಮಕ್ಕಳ ಸಂಘದವರು ಇಟ್ಟಿದ್ದ ಮಳಿಗೆಯಿಂದ ಸಾಬೂನಿನಂಥ ಬಿಲ್ಲೆಗಳನ್ನು ತಂದಳು. ತಲೆ ತೊಳೆಯಲು ಒಂದು, ತೊಳೆದ ಮೇಲೆ ಕೂದಲು ಮೆತ್ತಗಾಗಲು ಇನ್ನೊಂದು, ಮೈಗೆ ಮತ್ತೊಂದು. ಯಾವುದಕ್ಕೂ ಪ್ಲಾಸ್ಟಿಕ್ಕಿಲ್ಲ. ತೆಳ್ಳಗಿನ ಕಾಗದ ಸುತ್ತಿ, ಅದರ ಮೇಲೆ ಹೆಸರು ಬರೆದಿದ್ದರು. ಗಿರಿಜಾ ಕಾಗದ ಬಿಚ್ಚಿ ಹಂಡೆಯ ಒಲೆಗೆ ಹಾಕಿದಳು. ಅಲ್ಲಿಗೆ ಯಾವುದು ಏನು ಎಂಬುದಕ್ಕಿದ್ದ ಗುರುತು ಹೊಗೆಯಾಗಿ ಹೋಯಿತು. ಮೂರೂ ದುಂಡಗೆ, ಮೂರೂ ಮಾಸಲು ಹಸಿರು.

"ನೋಡ್ರಿ, ಇದು ಮೊದಲ, ಇದು ಆಮ್ಯಾಲೆ, ಇದು ಮೈಗೆ. ತಿಳೀತಿಲ್ಲೊ?" ಅಂದಳು.

"ತಿಳೀತು" ಅಂದೆ. ಮಕ್ಕಳು ನನ್ನೆದುರು ದಿನಾ ಹೀಗೆಯೇ ಅನ್ನುತ್ತಾರೆ. ಅವರಿಗೂ ತಿಳಿದಿರುವುದಿಲ್ಲ.

ಮರುದಿನ ಒಂದನ್ನು ತೆಗೆದುಕೊಂಡು ತಲೆಗೆ ತಿಕ್ಕಿದೆ. ನೊರೆ ಬರಲಿಲ್ಲ. ಇನ್ನಷ್ಟು ತಿಕ್ಕಿದೆ. ಬಿಲ್ಲೆ ಸವೆಯಿತೇ ಹೊರತು ನೊರೆಯ ಸುಳಿವಿಲ್ಲ. ಕೈಗೆ ಬೆಣ್ಣೆ ಸವರಿದಂತಾಯಿತು. ಒಣಗಿದ ಮೇಲೆ ಕನ್ನಡಿ ನೋಡಿದರೆ, ಉಳಿದಿದ್ದ ಅಷ್ಟಿಷ್ಟು ಕೂದಲೆಲ್ಲ ಎಮ್ಮೆ ನೆಕ್ಕಿ ನಿಲ್ಲಿಸಿದ ಕರುವಿನ ಮೈಯಂತೆ ತಲೆಗೆ ಅಂಟಿಕೊಂಡಿತ್ತು. ಶಾಲೆಯಲ್ಲಿ ವಿಜ್ಞಾನದ ಮಾಸ್ತರರು, "ಯಾಕ್ರಿ ಸರ, ಮನ್ಯಾಗ ಕುಸುಬಿ ಎಣ್ಣಿ ಭಾಳ ಆಗೇತೇನು?" ಅಂದರು.

ಬೇರೆಯವರಾದರೆ ಬಿಲ್ಲೆಯನ್ನು ಅನುಮಾನಿಸುತ್ತಿದ್ದರು. ನಾನು ನೀರನ್ನು ಅನುಮಾನಿಸಿದೆ. ನಮ್ಮ ಓಣಿಯದು ಮೊದಲೇ ಸವಳು ನೀರು, ಬೋರಿನ ತಳದಲ್ಲಿ ಇನ್ನಷ್ಟು ಕೆಟ್ಟಿರಬೇಕೆಂದುಕೊಂಡು ಪಕ್ಕದ ಮನೆಯ ಬಳೆ ವ್ಯಾಪಾರಿ ರಾಜೇಸಾಬರ ಬಳಿ ಸಾಬೂನಿನ ನೊರೆಯ ವಿಚಾರ ಕೇಳಿದೆ. ಅವರದೂ ಅದೇ ಬೋರು.

"ರಾಜೇಸಾಬ್ರ, ನಿಮ್ಮ ಸಬಕಾರಕ್ಕ ಬುರುಗ ಬರ್ತದೇನ್ರಿ?"

ಅವರು ನನ್ನ ಅಂಟಿದ ಕೂದಲು ನೋಡಿದರು. "ಬರ್ತದರಿ ಮಾಸ್ತರ" ಅಂದು, ದನಿ ತಗ್ಗಿಸಿ, "ಮನ್ಯಾಗ ಎಲ್ಲಾ ಆರಾಮ ಅದಾರಲ್ಲ?" ಅಂದರು. ನಾನು ಮತ್ತೆ ಆ ವಿಚಾರ ಎತ್ತಲಿಲ್ಲ. ನೊರೆ ಬಾರದಿರುವುದೇ ಪರಿಸರಕ್ಕೆ ಒಳ್ಳೆಯದಿರಬಹುದು ಎಂದು ನನ್ನನ್ನೇ ನಂಬಿಸಿಕೊಂಡೆ.

ಹೀಗಿರುವಾಗ ನಮ್ಮ ಮಗಳು ವಿದ್ಯಾಳನ್ನು ನೋಡಲು ಇಳಕಲ್ಲಿನಿಂದ ವರನ ಕಡೆಯವರು ಬರುವುದಾಗಿ ಹೇಳಿ ಕಳಿಸಿದರು. ವಿದ್ಯಾ ಬಾಗಲಕೋಟೆಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ತಲೆ ತಗ್ಗಿಸಿ ಕುಳಿತು, ಶಿರಾ ಉಪ್ಪಿಟ್ಟು ಕೊಟ್ಟು ಎದ್ದು ಹೋಗುವ ಈ ಪದ್ಧತಿ ಅವಳಿಗೆ ಕೊಂಚವೂ ಹಿಡಿಸದು. "ಅವರೇ ಎಲ್ಲಾ ಕೇಳ್ತಾರ. ನಾ ಕೇಳೂದು ಯಾವಾಗ?" ಅಂದಿದ್ದಳು.

ವರನ ತಂದೆ ಸಂಗಪ್ಪನವರದು ಗ್ರಾನೈಟ್ ವ್ಯಾಪಾರ. ದಾರಿಯಲ್ಲಿ ಒಂದು ಕಲ್ಲಿನ ಕ್ವಾರಿಗೆ ಇಳಿದು ಬಂದಿದ್ದರಂತೆ. ಆಳು ಎತ್ತರ, ಬೆಳ್ಳಗಿನ ಗುಂಗುರು ಕೂದಲು, ಅದರ ತುಂಬ ಕಲ್ಲಿನ ಧೂಳು. "ಮಾಸ್ತರ, ಹಿಂಗ ಬಂದು ಕುಂದ್ರೂದು ಛಂದ ಅಲ್ಲ. ತಲಿಗೊಂದಿಷ್ಟು ನೀರ ಹಾಕ್ಕೋತೇನಿ" ಅಂದರು. ಗಿರಿಜಾ ಅಡುಗೆಮನೆಯಲ್ಲಿದ್ದಳು. ಬೀಗತನದ ಮೊದಲ ಉಪಚಾರ ನನ್ನ ಪಾಲಿಗೆ ಬಂತೆಂಬ ಉಮೇದಿನಲ್ಲಿ ಅವರನ್ನು ಬಚ್ಚಲಿಗೆ ಕರೆದೊಯ್ದು, ನಾನು ಬಳಸುವ ಬಿಲ್ಲೆಯನ್ನೇ ಕೈಗಿಟ್ಟೆ. "ಬುರುಗ ಬರಂಗಿಲ್ಲರಿ, ಆದರ ಭಾಳ ಛಲೋದು" ಎಂದು ಹೇಳುವುದನ್ನೂ ಮರೆಯಲಿಲ್ಲ.

ಅವರು ಹೊರಬಂದಾಗ ಪಡಸಾಲೆಯಲ್ಲಿದ್ದವರೆಲ್ಲ ಅವರ ತಲೆಯನ್ನೇ ನೋಡಿದರು. ಧೂಳು ಹೋಗಿರಲಿಲ್ಲ, ಕೂದಲಿನೊಂದಿಗೆ ಕಲೆತು ಗೋಡೆಗೆ ಗಿಲಾವು ಮಾಡಿದಂತೆ ಕುಳಿತಿತ್ತು. ಅಷ್ಟು ದೊಡ್ಡ ಗುಂಗುರು ಮಾಯವಾಗಿ ತಲೆ ಚಿಕ್ಕದಾಗಿ, ಕಿವಿಗಳು ದೊಡ್ಡವಾಗಿದ್ದವು. ಅವರ ಹೆಂಡತಿ ಸೆರಗಿನ ತುದಿ ಬಾಯಿಗಿಟ್ಟುಕೊಂಡರು. ಮಗ ಮಹಾಂತೇಶ ನೆಲ ನೋಡತೊಡಗಿದ. ಸಂಗಪ್ಪನವರು ತಲೆ ಮುಟ್ಟಿ, ಕೈ ನೋಡಿಕೊಂಡು, "ಮಾಸ್ತರ, ಇದು ಏನರಿ?" ಅಂದರು. ಸಿಟ್ಟೋ, ಸಹಜವೋ ನನಗೆ ತಿಳಿಯಲಿಲ್ಲ. ಸಂಬಂಧ ಮುರಿಯಿತು ಎಂದುಕೊಂಡೆ. "ನೀರ ಸವಳ ಅದಾವರಿ" ಅಂದೆ.

ಅಷ್ಟರಲ್ಲಿ ಉಪ್ಪಿಟ್ಟಿನ ತಾಟು ಹಿಡಿದು ಬಂದ ವಿದ್ಯಾ ಅವರ ತಲೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ತಾಟು ಕೆಳಗಿಟ್ಟಳು.

"ಕಾಕಾರ, ಅದು ತೊಳಿಯೂದಲ್ಲರಿ, ತೊಳದ ಮ್ಯಾಲೆ ಹಚ್ಚೂದು. ನಮ್ಮಪ್ಪಗ ಇನ್ನೂ ಗುರ್ತ ಸಿಕ್ಕಿಲ್ಲ. ಹಿತ್ತಲಕ ಬರ್ರಿ, ನಾ ತೊಳದ ಕೊಡತೇನಿ" ಅಂದು, ಮಹಾಂತೇಶನ ಕಡೆ ತಿರುಗಿ, "ನೀವು ಒಂದ ಕೊಡಾ ಬಿಸಿನೀರ ತರ್ರಿ" ಅಂದಳು. ಅವನು ತಟ್ಟನೆ ಎದ್ದ. ಕನ್ಯೆ ನೋಡಲು ಬಂದ ಹುಡುಗನೊಬ್ಬ ಕೊಡ ಹೊತ್ತು ನಮ್ಮ ಅಡುಗೆಮನೆ ದಾಟಿ ಹೋದದ್ದನ್ನು ಗಿರಿಜಾ ಒಗ್ಗರಣೆ ಸೌಟು ಹಿಡಿದು ನೋಡುತ್ತಲೇ ನಿಂತಳು.

ಒಗೆಯುವ ಕಲ್ಲಿನ ಮೇಲೆ ಸಂಗಪ್ಪನವರು ಬಗ್ಗಿ ಕುಳಿತರು. ಮಹಾಂತೇಶ ನೀರು ಹಾಕಿದ, ವಿದ್ಯಾ ಸರಿಯಾದ ಬಿಲ್ಲೆ ತಿಕ್ಕಿದಳು. ನಮ್ಮ ಸವಳು ನೀರಿನಲ್ಲಿಯೇ ಮೋಡದಂಥ ನೊರೆ ಎದ್ದಿತು. ನಾನು ಬೆರಗಾಗಿ ನೋಡುತ್ತಿದ್ದೆ. ನೊರೆ ಸಂಗಪ್ಪನವರ ಕಣ್ಣು ಮುಚ್ಚಿದಾಗ ವಿದ್ಯಾ ಕೈ ಬಿಡದೆ ಹುಡುಗನನ್ನು ಕೇಳಿದಳು:

"ಮದುವಿ ಆದ ಮ್ಯಾಲೆ ನಾ ಬಾಗಲಕೋಟಿ ಕೆಲಸ ಬಿಡಂಗಿಲ್ಲ. ನಿಮಗ ನಡೀತದೇನು?"

"ನನಗ ನಡೀತದ. ದಿನಾ ಬಸ್ಸಿನ್ಯಾಗ ನೀವು ದಣೀತೀರಿ. ಅಲ್ಲೇ ಮನಿ ಮಾಡಿದರೂ ನಡೀತದ. ಆದರ ಅಪ್ಪಾರು..." ಎಂದು ಅವನು ತಂಬಿಗೆ ಹಿಡಿದು ನಿಂತ.

ಇಬ್ಬರೂ ನೊರೆಯ ಗುಡ್ಡವನ್ನು ನೋಡಿದರು. ಅದರೊಳಗಿನಿಂದ ದನಿ ಬಂತು: "ಮಾಡ್ಲಿ ಬಿಡಪಾ, ಯಾರು ಬ್ಯಾಡ ಅಂತಾರ. ಮೊದಲ ನೀರ ಹಾಕು, ಕಣ್ಣ ಉರೀತಾವ."

ಮಹಾಂತೇಶ ನೀರು ಹಾಕಿದ. ವಿದ್ಯಾ ನಕ್ಕಳು. ಇದನ್ನೆಲ್ಲ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದ ಹುಡುಗನ ತಾಯಿ ಗಿರಿಜಾಳಿಗೆ, "ಮೂವತ್ತು ವರ್ಷದಾಗ ನಾ ಕೇಳಿದ್ದಕ್ಕ ಇಷ್ಟು ಲಗೂ ಹೂಂ ಅಂದಿಲ್ಲರಿ ಇವರು" ಅಂದರು. ತಣ್ಣಗಾದ ಉಪ್ಪಿಟ್ಟನ್ನು ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಹೋಗುವಾಗ ಸಂಗಪ್ಪನವರ ಗುಂಗುರು ಮೊದಲಿಗಿಂತ ದೊಡ್ಡದಾಗಿತ್ತು. ವಾರದೊಳಗೆ ಮಾತು ಪಕ್ಕಾ ಆಯಿತು.

ಮಗಳ ಸಂಬಂಧ ಕೂಡಿಸಿದ್ದು ನಾನೇ ಎಂದು ಈಗಲೂ ಹೇಳಿಕೊಂಡು ತಿರುಗುತ್ತೇನೆ. ಕೇಳಿದವರು ಹೌದೆನ್ನಬೇಕೋ ಅಲ್ಲವೆನ್ನಬೇಕೋ ತಿಳಿಯದೆ ತಲೆ ಆಡಿಸುತ್ತಾರೆ. ಮದುವೆ ಮುಗಿದ ಮೇಲೊಂದು ದಿನ ಬಚ್ಚಲಿಗೆ ಹೋದರೆ ಗೂಡಿನಲ್ಲಿ ಒಂದೇ ಬಿಲ್ಲೆ ಉಳಿದಿತ್ತು. "ಬಾಕಿ ಎರಡು ಎಲ್ಲಿ?" ಎಂದು ಒಳಗಿನಿಂದಲೇ ಕೂಗಿದೆ.

ಗಿರಿಜಾ ಬಾಗಿಲ ಬಳಿ ಬಂದು, ಇಣುಕಿದ ನನ್ನ ತಲೆಯನ್ನು ಸಾವಕಾಶವಾಗಿ ನೋಡಿದಳು. "ಅವು ಕೂದಲಿದ್ದವರಿಗೆ. ನೀವು ಮಾರಿ ತೊಳಕೊಂಡು ಹಂಗ ಮ್ಯಾಲೆ ಹೋಗ್ರಿ. ಹಣಿ ಎಲ್ಲಿ ಮುಗಿದು ತಲಿ ಎಲ್ಲಿ ಸುರು ಆಗ್ತದೋ, ಈಗೀಗ ನನಗೂ ತಿಳೀವಲ್ದು" ಅಂದಳು.

ನಮ್ಮ ಮನೆಯಲ್ಲಿ ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಏನೋ ಒಂದು ತಿಳಿದಿರಲಿಲ್ಲ. ಅದಕ್ಕೆ ಕಾರಣ ನನ್ನ ತಲೆಯೇ ಆಗಿದ್ದರೂ, ಆ ದಿನ ನಾನು ಭಾಳ ಸಮಾಧಾನದಿಂದ ಜಳಕ ಮಾಡಿದೆ.